ಶಾಲೆಯ ಹೊಸ್ತಿಲಲ್ಲಿ ಚಿತ್ರಕಥೆ: ಮುಂಬಯಿಯ ಅನಂತ ಪೈ

ಭಾರತದ ಮಕ್ಕಳ ಪುಸ್ತಕಗಳ ಇತಿಹಾಸದಲ್ಲಿ ಅನಂತ ಪೈ ಅವರ ಹೆಸರು ‘ಅಮರ ಚಿತ್ರ ಕಥೆ’ಯ ಸಂಪಾದಕರೆಂದು ನೆಲೆಗೊಂಡಿದೆಯಾದರೂ, ಅವರ ದುಡಿಮೆಯ ಬಹುಪಾಲು ಚಿತ್ರಕಥೆಯನ್ನು ಶಾಲೆಯೊಳಗೆ ಬಿಟ್ಟುಕೊಳ್ಳಲು ಒಪ್ಪದ ಉಪಾಧ್ಯಾಯರನ್ನೂ ಪಾಲಕರನ್ನೂ ಒಲಿಸಿಕೊಳ್ಳುವುದಕ್ಕೇ ವ್ಯಯವಾಯಿತು. ಚೌಕಟ್ಟುಗಳಲ್ಲಿ ಜೋಡಿಸಿದ ಚಿತ್ರಗಳೂ ಪಾತ್ರಗಳ ಬಾಯಿಂದ ಹೊರಡುವ ಮಾತಿನ ಗುಳ್ಳೆಗಳೂ ಕೂಡಿ ಕಥೆ ನಡೆಸುವ ಈ ಪ್ರಕಾರವು, ಅಂದರೆ ಕಾಮಿಕ್ಸ್, ಮಕ್ಕಳ ಓದನ್ನು ಕೆಡಿಸುತ್ತದೆಂಬ ನಂಬಿಕೆ 1960ರ ದಶಕದ ಮಧ್ಯಮವರ್ಗದ ಮನೆಗಳಲ್ಲಿ ಬಲವಾಗಿತ್ತು.

ಪೈ ಅವರು ಹುಟ್ಟಿದ್ದು 1929ರ ಸೆಪ್ಟೆಂಬರ್ 17ರಂದು, ಕಾರ್ಕಳದ ಕೊಂಕಣಿ ಮನೆಮಾತಿನ ಕುಟುಂಬವೊಂದರಲ್ಲಿ. ಪಂಜೆ ಮಂಗೇಶರಾಯರು ಶಿಶುಗೀತೆಗಳನ್ನು ಬರೆದು, ಶಿವರಾಮ ಕಾರಂತರು 1936ರಲ್ಲಿ ಮಕ್ಕಳಿಗಾಗಿ ‘ಬಾಲ ಪ್ರಪಂಚ’ವೆಂಬ ವಿಶ್ವಕೋಶವನ್ನೇ ಹೊರತಂದ ಕರಾವಳಿ ಅದು; ಕನ್ನಡದಲ್ಲಿ ಮಕ್ಕಳಿಗಾಗಿ ಬರೆಯುವುದು ದೊಡ್ಡವರ ಘನವಾದ ಕೆಲಸವೆಂಬ ಭಾವನೆ ಅಲ್ಲಿ ಆಗಲೇ ಬೇರೂರಿತ್ತು. ಎಳವೆಯಲ್ಲೇ ತಂದೆತಾಯಿಯನ್ನು ಕಳೆದುಕೊಂಡ ಪೈ, ತುಳುನಾಡಿನಿಂದ ಹೋಟೆಲು, ಬ್ಯಾಂಕು, ವ್ಯಾಪಾರಗಳನ್ನು ನೆಚ್ಚಿ ವಲಸೆ ಹೊರಟ ಸಾವಿರಾರು ಜನರ ದಾರಿಯನ್ನೇ ಹಿಡಿದು, ಹನ್ನೆರಡರ ವಯಸ್ಸಿನಲ್ಲಿ ಮುಂಬಯಿ ಸೇರಿ, ಮಾಹಿಮಿನ ಓರಿಯಂಟ್ ಶಾಲೆಯಲ್ಲಿ ಓದಿದರು. ಮುಂದೆ ಮುಂಬಯಿ ವಿಶ್ವವಿದ್ಯಾಲಯದಲ್ಲಿ ರಾಸಾಯನಿಕ ತಂತ್ರಜ್ಞಾನವನ್ನು ಕಲಿತರೂ ಆ ವೃತ್ತಿಯಲ್ಲಿ ನಿಲ್ಲಲಿಲ್ಲ. 1954ರಲ್ಲಿ ಅವರು ಆರಂಭಿಸಿದ ‘ಮಾನವ್’ ಎಂಬ ಮಕ್ಕಳ ಪತ್ರಿಕೆ ಬಾಳಲಿಲ್ಲ. ಟೈಮ್ಸ್ ಆಫ್ ಇಂಡಿಯಾ ಸಂಸ್ಥೆಯು 1964ರಲ್ಲಿ ಫ್ಯಾಂಟಮ್ ಕಥೆಗಳೊಂದಿಗೆ ‘ಇಂದ್ರಜಾಲ್ ಕಾಮಿಕ್ಸ್’ ಮಾಲೆಯನ್ನು ಆರಂಭಿಸಿದಾಗ ಅಲ್ಲಿದ್ದ ಪೈ, ಚಿತ್ರಕಥೆಯ ವ್ಯಾಪಾರವನ್ನು ಹತ್ತಿರದಿಂದ ಕಂಡರು.

ಅಮರ ಚಿತ್ರ ಕಥೆಯ ಹುಟ್ಟನ್ನು 1967ರ ದೆಹಲಿಯ ದೂರದರ್ಶನದ ರಸಪ್ರಶ್ನೆಯೊಂದಕ್ಕೆ ಜೋಡಿಸುವುದು ವಾಡಿಕೆ. ಗ್ರೀಕ್ ಪುರಾಣದ ಪ್ರಶ್ನೆಗಳಿಗೆ ಸಲೀಸಾಗಿ ಉತ್ತರಿಸಿದ ಮಕ್ಕಳು ರಾಮನ ತಾಯಿಯ ಹೆಸರು ಹೇಳಲಾರದೆ ಹೋದುದನ್ನು ಕಂಡು ಪೈ ಅವರು ಕಳವಳಗೊಂಡರೆಂಬುದು ಅವರೇ ಅನೇಕ ಬಾರಿ ಹೇಳಿಕೊಂಡ ಸಂಗತಿ. ಮುಂಬಯಿಗೆ ದೂರದರ್ಶನ ಬಂದದ್ದು 1972ರಲ್ಲಾದ್ದರಿಂದ ಆ ದೃಶ್ಯ ದೆಹಲಿಯಲ್ಲೇ ಕಣ್ಣಿಗೆ ಬೀಳಬೇಕಿತ್ತು. ಆದರೆ ಈ ಕಥನವು ಬೆಂಗಳೂರನ್ನು ಮರೆಸಿಬಿಡುತ್ತದೆ. ಮಾಲೆಯ ಪ್ರಕಾಶಕರಾದ ಇಂಡಿಯಾ ಬುಕ್ ಹೌಸ್‌ನ ಬೆಂಗಳೂರು ಶಾಖೆಯಲ್ಲಿದ್ದ ಜಿ. ಕೆ. ಅನಂತರಾಮ್ ಅವರ ಒತ್ತಾಸೆಯಿಂದ, ‘ಸಿಂಡ್ರೆಲಾ’, ‘ಪಿನೋಕಿಯೊ’ ಮೊದಲಾದ ಹೊರನಾಡಿನ ಕಥೆಗಳ ಹತ್ತು ಪುಸ್ತಕಗಳು ಇದೇ ಮಾಲೆಯ ಹೆಸರಿನಲ್ಲಿ 1965ರಿಂದ ಕನ್ನಡದಲ್ಲಿ ಪ್ರಕಟವಾಗಿದ್ದವು. ಅವು ಚೆನ್ನಾಗಿ ಮಾರಾಟವಾದುದರಿಂದಲೇ ಸಂಸ್ಥೆಯ ಒಡೆಯ ಜಿ. ಎಲ್. ಮೀರ್ಚಂದಾನಿ ಪೈ ಅವರ ಸಂಪಾದಕತ್ವದಲ್ಲಿ ಮುಂಬಯಿಯಲ್ಲಿ ಇಂಗ್ಲಿಷ್ ಮಾಲೆಗೆ ಕೈಹಾಕಿದರು. ರಾಮ್ ವಾಯೀರ್ಕರ್ ಚಿತ್ರಿಸಿದ ‘ಕೃಷ್ಣ’ ಮೊದಲ ಪೌರಾಣಿಕ ಸಂಚಿಕೆಯಾಗಿದ್ದರೂ ಅದರ ಕ್ರಮಸಂಖ್ಯೆ 11 ಆಗಿರುವುದು ಈ ಕಾರಣದಿಂದ. ಕನ್ನಡದ ಪಾಲನ್ನು ಇಷ್ಟು ಹಗುರವಾಗಿ ಬದಿಗಿಟ್ಟುದು ನ್ಯಾಯವೆನಿಸುವುದಿಲ್ಲ.

ಮೊದಲ ವರ್ಷಗಳಲ್ಲಿ ಮಾರಾಟ ಮಂದವಾಗಿತ್ತು. ಪುಸ್ತಕದಂಗಡಿಗಳು ಹಿಂಜರಿದಾಗ ಪೈ ಮುಖ್ಯೋಪಾಧ್ಯಾಯರ ಕಡೆಗೆ ತಿರುಗಿ, ಶಾಲೆಗಳಲ್ಲಿ ರಸಪ್ರಶ್ನೆ ಸ್ಪರ್ಧೆಗಳನ್ನು ನಡೆಸಿ, ಇತಿಹಾಸದ ಪಾಠವನ್ನು ಚಿತ್ರದ ಮೂಲಕ ಕಲಿಸಬಹುದೆಂದು ವಾದಿಸಿದರು. ಈ ವಾದವು 1978ರ ಫೆಬ್ರವರಿಯಲ್ಲಿ ದೆಹಲಿಯಲ್ಲಿ ಶಾಲಾ ಶಿಕ್ಷಣದಲ್ಲಿ ಚಿತ್ರಕಥೆಯ ಪಾತ್ರವನ್ನು ಕುರಿತ ವಿಚಾರಸಂಕಿರಣದ ರೂಪವನ್ನೂ ತಾಳಿತು. ಅದೇ ವರ್ಷ ಅವರು ವ್ಯಕ್ತಿತ್ವ ವಿಕಸನಕ್ಕೆಂದು ಪಾರ್ಥ ಸಂಸ್ಥೆಯನ್ನು ಕಟ್ಟಿದರು. 1980ರಲ್ಲಿ ‘ಟಿಂಕಲ್’ ಪತ್ರಿಕೆ ಆರಂಭವಾದ ಮೇಲಂತೂ ಭೂಲಾಭಾಯಿ ದೇಸಾಯಿ ರಸ್ತೆಯ ಮಹಾಲಕ್ಷ್ಮಿ ಚೇಂಬರ್ಸ್‌ನ ಕಚೇರಿಗೆ ‘ಅಂಕಲ್ ಪೈ’ ಎಂಬ ಹೆಸರಿಗೆ ಮಕ್ಕಳ ಪತ್ರಗಳು ಬರತೊಡಗಿದವು. ಓದುಗರೇ ಕಳಿಸಿದ ಕಥೆಗಳಿಗೆ ಪತ್ರಿಕೆಯಲ್ಲಿ ಜಾಗವಿತ್ತು. ಹೇಳಿದ್ದನ್ನು ಅಕ್ಷರಶಃ ನಡೆಸಿ ಯಜಮಾನನನ್ನು ಪೇಚಿಗೆ ಸಿಕ್ಕಿಸುವ ಸುಪ್ಪಂಡಿಯು ತಮಿಳುನಾಡಿನ ಓದುಗರೊಬ್ಬರು ಕಳಿಸಿದ ಕಥೆಯಿಂದಲೇ ಮೂಡಿದವನು. ಕಮಲಾ ಚಂದ್ರಕಾಂತ್, ಸುಬ್ಬರಾವ್, ಲೂಯಿಸ್ ಫರ್ನಾಂಡಿಸ್ ಮುಂತಾದವರ ಬರವಣಿಗೆಯಿಲ್ಲದೆ ಈ ಕಾರ್ಯ ಸಾಗುತ್ತಿರಲಿಲ್ಲವಾದರೂ ಮಕ್ಕಳ ಪಾಲಿಗೆ ಎಲ್ಲವೂ ಅಂಕಲ್ ಪೈ ಅವರ ಕೃತಿಯೇ ಆಗಿತ್ತು.

ಶಾಲೆಯ ಮನ್ನಣೆ ದೊರೆತಂತೆ ಟೀಕೆಯ ತೂಕವೂ ಹೆಚ್ಚಿತು, ಏಕೆಂದರೆ ಪಾಠದ ಸ್ಥಾನವನ್ನು ಪಡೆದ ಪುಸ್ತಕಕ್ಕೆ ಬರಿಯ ವಿನೋದದ ವಿನಾಯಿತಿ ಸಲ್ಲುವುದಿಲ್ಲ. ದೇವತೆಗಳಿಗೆ ತಿಳಿಬಣ್ಣ, ಅಸುರರಿಗೆ ಕಪ್ಪು ಮೈ, ಸ್ತ್ರೀಯರಿಗೆ ತ್ಯಾಗದ ಪಾತ್ರ ಎಂಬ ಹಂಚಿಕೆಯನ್ನೂ ಮೇಲ್ಜಾತಿಯ ದೃಷ್ಟಿಯ ಪ್ರಾಬಲ್ಯವನ್ನೂ ನಂದಿನಿ ಚಂದ್ರ, ಕಾರ್ಲೀನ್ ಮೆಕ್ಲೇನ್ ಅವರಂಥ ವಿದ್ವಾಂಸರು ವಿಸ್ತಾರವಾಗಿ ಚರ್ಚಿಸಿದ್ದಾರೆ. 1979ರಲ್ಲೇ ಬಾಬಾಸಾಹೇಬ್ ಅಂಬೇಡ್ಕರರ ಜೀವನವನ್ನು ಕುರಿತ ಸಂಚಿಕೆ ಬಂದಿತ್ತೆಂಬುದು ನಿಜ; ಆದರೂ ಒಟ್ಟು ಮಾಲೆಯ ಒಲವು ಅದರಿಂದ ಬದಲಾಗಲಿಲ್ಲ. ಪೈ ಅವರು ಮಾತ್ರ ಅಪ್ರಿಯವಾದ ಸತ್ಯವನ್ನು ನುಡಿಯಬಾರದೆಂಬ ಹಳೆಯ ಸುಭಾಷಿತದ ನೀತಿಯನ್ನೇ ಮಕ್ಕಳ ಬರವಣಿಗೆಗೆ ಅಳತೆಯಾಗಿಟ್ಟುಕೊಂಡು, 2011ರ ಫೆಬ್ರವರಿ 24ರಂದು ಮುಂಬಯಿಯಲ್ಲಿ ತೀರಿಕೊಳ್ಳುವವರೆಗೂ ಅದನ್ನು ಸಮರ್ಥಿಸಿಕೊಂಡರು. ಪಾಲಕರ ಭಯವನ್ನು ಕರಗಿಸಿದ ಆ ನೀತಿಯೇ ಇತಿಹಾಸದ ಕಹಿಯಾದ ಭಾಗಗಳನ್ನು ಅವರ ಚೌಕಟ್ಟುಗಳಿಂದ ಬಹುಮಟ್ಟಿಗೆ ದೂರವಿರಿಸಿತು.