ಹಳೆಯ ಮೋಟಾರ್‌ಸೈಕಲ್ ಫೋರ್ಕ್ ಜೋಡಣೆಯ ಸ್ವನಿರ್ಮಿತ ಉಪಕರಣಗಳು

ಹಳೆಯ ಮೋಟಾರ್‌ಸೈಕಲ್‌ಗಳ ಮುಂಭಾಗದ ಟೆಲಿಸ್ಕೋಪಿಕ್ ಫೋರ್ಕನ್ನು ಬಿಚ್ಚಿ ಮರುಜೋಡಿಸಲು ಅವುಗಳ ಮಾಲೀಕರೂ ಸಣ್ಣ ಕಾರ್ಯಾಗಾರಗಳ ಕುಶಲಕರ್ಮಿಗಳೂ ಕೆಲವು ಉಪಕರಣಗಳನ್ನು ತಾವೇ ತಯಾರಿಸಿಕೊಳ್ಳುತ್ತಾರೆ. ಕೊಳವೆಯ ತುಂಡು, ಹಳೆಯ ನಟ್, ಥ್ರೆಡ್ ಕೊರೆದ ಸರಳು, ಮರದ ದಿಮ್ಮಿ ಮೊದಲಾದ ಸುಲಭ ಸಾಮಗ್ರಿಗಳೇ ಇವುಗಳ ಮೂಲ. ಫೋರ್ಕ್ ಮುಂದಿನ ಚಕ್ರವನ್ನು ಹಿಡಿದಿಡುವ ಭಾಗವಾದುದರಿಂದ, ಉಪಕರಣ ಒರಟಾಗಿದ್ದರೂ ಅದು ಬಲವನ್ನು ಸರಿಯಾದ ಜಾಗಕ್ಕೆ ಸಮನಾಗಿ ಮುಟ್ಟಿಸುವುದು ಅಗತ್ಯ.

ಹಿನ್ನೆಲೆ

ತೈಲದಿಂದ ಕುಲುಕಾಟವನ್ನು ತಗ್ಗಿಸುವ ಟೆಲಿಸ್ಕೋಪಿಕ್ ಫೋರ್ಕನ್ನು ಬಿಎಂಡಬ್ಲ್ಯೂ ಸಂಸ್ಥೆಯು 1935ರಲ್ಲಿ ಆರ್12 ಮತ್ತು ಆರ್17 ಮಾದರಿಗಳಲ್ಲಿ ಅಳವಡಿಸಿತು. ಬ್ರಿಟನ್ನಿನಲ್ಲಿ ಮ್ಯಾಚ್‌ಲೆಸ್ ಜಿ3/ಎಲ್ ಎಂಬ ಸೈನಿಕ ವಾಹನ 1941ರಲ್ಲಿಯೂ, ಬಿಎಸ್‌ಎ ಬಿ31 ಮಾದರಿ 1945ರಲ್ಲಿಯೂ ಈ ಬಗೆಯ ಫೋರ್ಕಿನೊಂದಿಗೆ ಬಂದವು. ಬಿಡಿಭಾಗಗಳನ್ನು ಬಿಚ್ಚಲು ಬೇಕಾದ ವಿಶೇಷ ಉಪಕರಣಗಳನ್ನು ಕಾರ್ಖಾನೆಗಳೇ ತಯಾರಿಸಿ, ಸಂಖ್ಯೆ ನೀಡಿ, ಮಾರಾಟಗಾರರಿಗೆ ಒದಗಿಸುತ್ತಿದ್ದವು. ಬರ್ಮಿಂಗ್‌ಹ್ಯಾಮಿನ ಸ್ಮಾಲ್ ಹೀತ್‌ನಲ್ಲಿದ್ದ ಬಿಎಸ್‌ಎ ಕಾರ್ಖಾನೆಯಲ್ಲಿ 1970ರ ದಶಕದ ಆರಂಭದಲ್ಲಿ ಮೋಟಾರ್‌ಸೈಕಲ್ ತಯಾರಿಕೆ ನಿಂತಿತು. ಮೆರಿಡನ್ನಿನ ಟ್ರಯಂಫ್ ಕಾರ್ಖಾನೆ 1983ರಲ್ಲಿ ಮುಚ್ಚಿತು. ವಾಹನಗಳು ಉಳಿದವು, ಉಪಕರಣಗಳು ಚದುರಿಹೋದವು.

ಒಳಕೊಳವೆಯನ್ನು ಎಳೆಯುವ ಸಾಧನ

ಇದು ಸ್ವನಿರ್ಮಿತ ಉಪಕರಣಗಳಲ್ಲೆಲ್ಲ ಹೆಚ್ಚು ಉಪಯುಕ್ತವಾದುದು. ಬಿಎಸ್‌ಎ ಮತ್ತು ಟ್ರಯಂಫ್‌ನ ಅನೇಕ ಮಾದರಿಗಳಲ್ಲಿ ಒಳಕೊಳವೆಯ ಮೇಲ್ತುದಿ ಕ್ರಮೇಣ ಕಿರಿದಾಗುವ ಟೇಪರ್ ಆಕಾರದಲ್ಲಿದ್ದು, ಮೇಲಿನ ಯೋಕ್‌ನ ಅದೇ ಆಕಾರದ ರಂಧ್ರದಲ್ಲಿ ಬಿಗಿಯಾಗಿ ಕೂರುತ್ತದೆ. (ಯೋಕ್ ಎಂದರೆ ನೊಗ, ಎರಡು ಕೊಳವೆಗಳನ್ನು ಅಕ್ಕಪಕ್ಕ ಹಿಡಿದಿಡುವ ಈ ಭಾಗಕ್ಕೆ ಹೆಸರು ಒಪ್ಪುತ್ತದೆ.) ಹಳೆಯ ಮಾದರಿಗಳಲ್ಲಿ ಸ್ಪ್ರಿಂಗ್ ಈ ಕೊಳವೆಯ ಹೊರಸುತ್ತಿನಲ್ಲಿ, ತಗಡಿನ ಹೊದಿಕೆಯೊಳಗೆ ಇರುತ್ತದೆ. ಜೋಡಿಸುವಾಗ ಆ ಸ್ಪ್ರಿಂಗ್ ಕೊಳವೆಯನ್ನು ಕೆಳಕ್ಕೆ ನೂಕುವುದರಿಂದ ಕೈಯಿಂದ ಮೇಲೆತ್ತಿ ಮುಚ್ಚಳದ ನಟ್ಟಿನ ಥ್ರೆಡ್ ಹಿಡಿಸುವುದು ಬಹುಮಟ್ಟಿಗೆ ಅಸಾಧ್ಯ.

ಸಾಧನದ ತಯಾರಿಕೆಗೆ ಹಳೆಯ ಮುಚ್ಚಳದ ನಟ್ ಒಂದು ಬೇಕು. ಅದರ ತಲೆಯನ್ನು ಯೋಕ್‌ನ ರಂಧ್ರದಲ್ಲಿ ಹಾಯುವಷ್ಟು ಕಿರಿದಾಗುವಂತೆ ಲೇತ್‌ನಲ್ಲಿ ಕಡೆದು, ನಡುವೆ ರಂಧ್ರ ಕೊರೆದು, ಕೆಳಗಿನಿಂದ ಉದ್ದನೆಯ ಬೋಲ್ಟನ್ನು ತೂರಿಸಲಾಗುತ್ತದೆ. ನಟ್ಟನ್ನು ಒಳಕೊಳವೆಗೆ ತಿರುಗಿಸಿ ಕೂರಿಸಿದ ಮೇಲೆ ಬೋಲ್ಟಿನ ಸರಳು ಯೋಕ್‌ನ ಮೂಲಕ ಮೇಲೆ ಬರುತ್ತದೆ. ಯೋಕ್‌ನ ಮೇಲೆ ಅಗಲವಾದ ಕೊಳವೆಯ ತುಂಡೊಂದನ್ನು ನಿಲ್ಲಿಸಿ, ದಪ್ಪ ವಾಷರ್ ಇಟ್ಟು, ಮೇಲಿನ ನಟ್ಟನ್ನು ಬಿಗಿಮಾಡುತ್ತ ಹೋದಂತೆ ಒಳಕೊಳವೆ ನೇರವಾಗಿ ಮೇಲೇರುತ್ತದೆ. ಆಗ ಕೆಳಗಿನ ಯೋಕ್‌ನ ಬಿಗಿಪಟ್ಟಿಯ ಬೋಲ್ಟನ್ನು ಬಿಗಿದು ಕೊಳವೆಯನ್ನು ತಡೆಹಿಡಿದು, ಸಾಧನವನ್ನು ತೆಗೆದು, ನಿಜವಾದ ಮುಚ್ಚಳವನ್ನು ಹಾಕಬೇಕು. ಬಳಿಕ ಕೆಳಗಿನ ಬೋಲ್ಟನ್ನು ಸಡಿಲಿಸಿ, ಮುಚ್ಚಳವನ್ನು ಪೂರ್ತಿ ಬಿಗಿದು, ಕೊನೆಗೆ ಮತ್ತೆ ಕೆಳಗಿನದನ್ನು ಬಿಗಿಯಬೇಕು. ಈ ಅನುಕ್ರಮ ತಪ್ಪಿದರೆ ಟೇಪರ್ ಪೂರ್ಣವಾಗಿ ಕೂರುವುದಿಲ್ಲ.

ಹೊಸದಾಗಿ ಥ್ರೆಡ್ ಕೊರೆಯುವುದಕ್ಕಿಂತ ಹಳೆಯ ನಟ್ಟನ್ನೇ ಬಳಸುವುದು ಲೇಸು. ಬ್ರಿಟಿಷ್ ವಾಹನಗಳಲ್ಲಿ 55 ಡಿಗ್ರಿ ಕೋನದ ವಿಟ್‌ವರ್ತ್ ಥ್ರೆಡ್ಡೂ 60 ಡಿಗ್ರಿಯ ಸೈಕಲ್ ಥ್ರೆಡ್ಡೂ ಬೆರೆತಿರುತ್ತವೆ. ಕಣ್ಣಳತೆಯಲ್ಲಿ ಒಂದೇ ಎನಿಸಿದರೂ ಅವು ಹೊಂದುವುದಿಲ್ಲ.

ಸೀಲ್‌ಗೆ ಸಂಬಂಧಿಸಿದ ಉಪಕರಣಗಳು

ಬಿಎಸ್‌ಎ ಫೋರ್ಕಿನಲ್ಲಿ ತೈಲದ ಸೀಲನ್ನು ಹೊತ್ತ ಲೋಹದ ಗೂಡು ಕೆಳಕಾಲಿನ ಮೇಲ್ತುದಿಗೆ ತಿರುಗಿ ಕೂರುತ್ತದೆ. ಇದನ್ನು ಬಿಚ್ಚಲು ಒಳಕೊಳವೆಯ ಮೇಲೆ ಸಲೀಸಾಗಿ ಜಾರುವ ಉಕ್ಕಿನ ಕೊಳವೆಯ ಒಂದು ತುದಿಯನ್ನು ಅರದಿಂದ ಉಜ್ಜಿ, ಗೂಡಿನ ಸೀಳುಗಳಿಗೆ ಹೊಂದುವ ಎರಡು ನಾಲಗೆಗಳನ್ನು ಉಳಿಸಿಕೊಳ್ಳಲಾಗುತ್ತದೆ. ಇನ್ನೊಂದು ತುದಿಯಲ್ಲಿ ಅಡ್ಡಸರಳಿಗೆ ರಂಧ್ರ. ಪೈಪ್ ರೆಂಚ್ ಹಾಕಿದರೆ ಗೂಡು ಮೊಟ್ಟೆಯಾಕಾರಕ್ಕೆ ತಿರುಗುವ ಅಪಾಯವಿದೆ. ಒಳಕೊಳವೆಯ ಮೇಲೆ ಬಿದ್ದ ಗೀರು ಇನ್ನೂ ಕೆಟ್ಟದ್ದು: ಅದು ಸೀಲಿನ ತುಟಿಯನ್ನು ಹರಿಯುತ್ತದೆ, ಸೋರಿದ ತೈಲ ಮುಂದಿನ ಬ್ರೇಕಿಗೆ ಇಳಿಯಬಹುದು.

ಹೊಸ ಸೀಲನ್ನು ಕೂರಿಸಲು ಸೂಕ್ತ ಅಳತೆಯ ಪಿವಿಸಿ ಕೊಳವೆಯ ತುಂಡು ಸಾಕು. ಹೊಸ ಸೀಲಿನ ಮೇಲೆ ಹಳೆಯದನ್ನು ಇಟ್ಟು ಮರದ ಕೊಡತಿಯಿಂದ ಮೆಲ್ಲನೆ ಬಡಿದರೆ ಪೆಟ್ಟು ಅಂಚಿಗೆ ಸಮನಾಗಿ ಹಂಚಿಕೆಯಾಗುತ್ತದೆ.

ಕೆಳತುದಿಯ ಬೋಲ್ಟಿನೊಂದಿಗೆ ಒಳಗಿನ ಡ್ಯಾಂಪರ್ ದಂಡವೂ ತಿರುಗುವಂತಹ ಫೋರ್ಕುಗಳಲ್ಲಿ, ತುದಿ ಚೂಪಾಗಿಸಿದ ಮರದ ಕೋಲನ್ನು ಮೇಲಿನಿಂದ ದಂಡದ ಬಾಯಿಗೆ ಒತ್ತಿ ತಡೆಯುವುದು ಬಳಕೆಯಲ್ಲಿದೆ. ಕಸಬರಿಕೆಯ ಹಿಡಿಯೇ ಇದಕ್ಕೆ ಸಾಕಾಗುವುದುಂಟು.

ಬಾಲ್ ರೇಸ್ ಜೋಡಣೆ

ಹ್ಯಾಂಡಲ್ ತಿರುಗುವ ಜಾಗದ ಬಟ್ಟಲುಗಳನ್ನು ಚೌಕಟ್ಟಿಗೆ ಕೂರಿಸಲು ಥ್ರೆಡ್ ಕೊರೆದ ಸರಳು, ಎರಡು ದಪ್ಪ ವಾಷರ್ ಮತ್ತು ನಟ್‌ಗಳ ಸಾಧನ ಬಳಸುತ್ತಾರೆ. ನಟ್ ಬಿಗಿದಂತೆ ಬಟ್ಟಲು ಓರೆಯಾಗದೆ ಒಳಸೇರುತ್ತದೆ. ಬಟ್ಟಲು ಗಡಸು ಉಕ್ಕಿನದಾದ್ದರಿಂದ ಸುತ್ತಿಗೆಯಿಂದ ನೇರವಾಗಿ ಹೊಡೆದರೆ ಚೂರು ಸಿಡಿದು ಕಣ್ಣಿಗೆ ತಗಲಬಹುದು.

ಭಾರತದಲ್ಲಿ

ಮದರಾಸಿನಲ್ಲಿ 1955ರಿಂದ ಜೋಡಣೆಯಾದ ಬುಲೆಟ್‌ನಲ್ಲಿ ವ್ಯವಸ್ಥೆ ಬೇರೆ: ಒಳಕೊಳವೆಯ ಮೇಲ್ತುದಿ ಹೆಡ್‌ಲೈಟಿನ ಗೂಡೂ ಆಗಿರುವ ಎರಕದ ಭಾಗಕ್ಕೆ ಥ್ರೆಡ್ ಮೂಲಕ ಕೂರುತ್ತದೆ. ಅದನ್ನು ತಿರುಗಿಸಲು ಗಟ್ಟಿಮರದ ದಿಮ್ಮಿಗೆ ಕೊಳವೆಯ ಅಳತೆಯ ರಂಧ್ರ ಕೊರೆದು, ನಡುವೆ ಸೀಳಿ, ಬೋಲ್ಟುಗಳಿಂದ ಬಿಗಿಯುವ ಹಿಡಿಕೆ ಹೊಂದುತ್ತದೆ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿದ ಬಳಿಕ ಜಾವಾ ಮತ್ತು ಯೆಜ್ಡಿ ಮಾಲೀಕರಿಗೂ ಕಾರ್ಖಾನೆಯ ಆಸರೆ ಇಲ್ಲವಾಯಿತು. ಇವುಗಳ ಥ್ರೆಡ್ ಮೆಟ್ರಿಕ್ ಅಳತೆಯದಾದ್ದರಿಂದ ಬ್ರಿಟಿಷ್ ವಾಹನಗಳ ಎಳೆಯುವ ಸಾಧನ ಇಲ್ಲಿ ಸಲ್ಲದು.

ಮಿತಿಗಳು

ಉಪಕರಣಗಳನ್ನು ಮನೆಯಲ್ಲಿ ಮಾಡಿಕೊಳ್ಳಬಹುದಾದರೂ ಭಾರ ಹೊರುವ ಬಿಡಿಭಾಗಗಳಿಗೆ ಆ ಮಾತು ಅನ್ವಯಿಸದು. ಬಾಗಿದ ಒಳಕೊಳವೆಯನ್ನು ಬೆಂಕಿಗೆ ಹಿಡಿದು ನೆಟ್ಟಗೆ ಮಾಡುವುದು, ಬಿರುಕುಬಿಟ್ಟ ಯೋಕ್‌ಗೆ ವೆಲ್ಡಿಂಗ್ ಹಾಕುವುದು ಸವಾರನ ಪ್ರಾಣಕ್ಕೆ ಅಪಾಯಕಾರಿ. ಅಂತಹ ಭಾಗಗಳನ್ನು ಬದಲಿಸಬೇಕು.