ಮೈಸೂರಿನ ಒಂದು ಮನೆ, ಯಲಹಂಕದ ಒಂದು ರೂಮು

ಯಲಹಂಕ ಉಪನಗರದ ನಮ್ಮ ಮನೆಯ ಮೊದಲ ಮಹಡಿಯಲ್ಲಿ ಹತ್ತಡಿ ಹನ್ನೊಂದಡಿಯ ಒಂದು ರೂಮಿದೆ. ಮುಂಚೆ ಅಲ್ಲಿ ಇಸ್ತ್ರಿ ಮಾಡಬೇಕಾದ ಬಟ್ಟೆ, ಹಳೇ ಸೂಟ್‌ಕೇಸು, ಅಕ್ಕಿ ಮೂಟೆ ಇರ್ತಿದ್ದವು. ಹೋದ ವರ್ಷದಿಂದ ಅದಕ್ಕೆ ಸ್ಟುಡಿಯೋ ಅಂತ ಹೆಸರು. ಆ ಹೆಸರನ್ನು ನಗದೆ ಹೇಳೋದು ಮನೇಲಿ ನಾನೊಬ್ಬನೇ.

ಕಾರಣ ಅಮ್ಮ. ಅವರಿಗೀಗ ಎಪ್ಪತ್ತಾರು. ಮಧುಗಿರಿ ಕಡೆಯ ಹಸೆ ಹಾಡು, ಆರತಿ ಹಾಡು, ತೊಟ್ಟಿಲ ಹಾಡುಗಳನ್ನು ಅವರ ಅಜ್ಜಿಯಿಂದ ಕಲಿತವರು. ಇದೇ ಹಾಡುಗಳನ್ನು ನಮ್ಮ ಚಿಕ್ಕಜ್ಜಿಯ ದನಿಯಲ್ಲಿ ಒಂದು ಅರವತ್ತು ನಿಮಿಷದ ಕ್ಯಾಸೆಟ್ಟಿಗೆ ಟೂ-ಇನ್-ಒನ್‌ನಲ್ಲಿ ತುಂಬಿಸಿಟ್ಟಿದ್ದರು. ಕ್ಯಾಸೆಟ್ಟಿನ ಮೇಲಂಚಿನಲ್ಲಿರೋ ಪುಟ್ಟ ಪ್ಲಾಸ್ಟಿಕ್ ಚೂರನ್ನು ಮುರಿದರೆ ಅದರ ಮೇಲೆ ಮತ್ತೆ ರೆಕಾರ್ಡ್ ಆಗುವುದಿಲ್ಲ. ಯಾರೂ ಮುರಿದಿರಲಿಲ್ಲ. ಎಂಟನೇ ಕ್ಲಾಸಿನಲ್ಲಿದ್ದ ನಾನು ಅದರ ಮೇಲೆ ರೇಡಿಯೋದಿಂದ ಸಿನಿಮಾ ಹಾಡು ತುಂಬಿಸಿಕೊಂಡೆ. ಚಿಕ್ಕಜ್ಜಿ ತೀರಿಕೊಂಡು ಎಷ್ಟೋ ವರ್ಷವಾಯಿತು. ಅಮ್ಮ ಇವತ್ತಿಗೂ ಆ ವಿಷಯ ಎತ್ತಿಲ್ಲ, ಅದೇ ಕಷ್ಟ.

ಮನೆಯಲ್ಲಿ ರೆಕಾರ್ಡ್ ಮಾಡೋದು ಕಂಪ್ಯೂಟರ್ ಕಾಲದ ಶೋಕಿ ಅಂದುಕೊಂಡಿದ್ದೆ. ಹಿಂದಕ್ಕೆ ಹೋಗಿ ನೋಡಿದರೆ ಕಥೆ ಬೇರೆಯೇ ಇದೆ. 1902ರಲ್ಲಿ ಗ್ರಾಮಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ ಕಲ್ಕತ್ತೆಗೆ ಬಂದು ಗೌಹರ್ ಜಾನ್ ಅವರ ಹಾಡನ್ನು ತಟ್ಟೆಗೆ ಇಳಿಸಿದಾಗ ಅಲ್ಲಿ ಸ್ಟುಡಿಯೋ ಅಂತ ಏನೂ ಇರಲಿಲ್ಲ, ಹೋಟೆಲ್ ಕೋಣೆಗಳನ್ನೇ ಸ್ಟುಡಿಯೋ ಮಾಡಿಕೊಂಡಿದ್ದರು. ಅದೇ ಗೌಹರ್ ಜಾನ್ ಕೊನೆಗಾಲದಲ್ಲಿ ಮೈಸೂರು ಅರಮನೆಯ ಆಶ್ರಯಕ್ಕೆ ಬಂದು, 1930ರಲ್ಲಿ ಮೈಸೂರಿನಲ್ಲೇ ತೀರಿಕೊಂಡರು.

ಅದಾಗಿ ಐದು ವರ್ಷಕ್ಕೆ ಮೈಸೂರಿನಲ್ಲೇ ನಮ್ಮ ನಿಜವಾದ ಮನೆ ಸ್ಟುಡಿಯೋ ಶುರುವಾಯಿತು. ಮಹಾರಾಜಾ ಕಾಲೇಜಿನ ಮನಶ್ಶಾಸ್ತ್ರದ ಪ್ರೊಫೆಸರ್ ಡಾ. ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆ 'ವಿಠ್ಠಲ ವಿಹಾರ'ದಲ್ಲಿ 30 ವ್ಯಾಟ್‌ನ ಒಂದು ಟ್ರಾನ್ಸ್‌ಮಿಟರ್ ಇಟ್ಟು 1935ರ ಸೆಪ್ಟೆಂಬರ್ 10ರಂದು ಬಾನುಲಿ ಪ್ರಸಾರ ಆರಂಭಿಸಿದರು. 30 ವ್ಯಾಟ್ ಅಂದರೆ ಎಷ್ಟು? ನನ್ನ ಮೇಜಿನ ಮೇಲಿನ ಎರಡು ಸ್ಪೀಕರ್ ಸೇರಿಸಿದರೆ ಹೆಚ್ಚುಕಡಿಮೆ ಅಷ್ಟಾಗುತ್ತೆ. ಅಷ್ಟರಲ್ಲೇ ಅವರು ಮೈಸೂರಿಗೆ ಸಂಗೀತ, ಮಾತು, ನಾಟಕ ಕೇಳಿಸಿದರು. ಹಾಸ್ಯ ಲೇಖಕ ನಾ. ಕಸ್ತೂರಿ ಜೊತೆಗೂಡಿದರು. ಆ ಮನೆಯ ರೇಡಿಯೋಗೆ ಇಟ್ಟ ಹೆಸರು 'ಆಕಾಶವಾಣಿ'. ಮುಂದೆ ಇಡೀ ದೇಶದ ರೇಡಿಯೋ ಆ ಹೆಸರನ್ನು ತೆಗೆದುಕೊಂಡಿತು. ಕೆಲವು ವರ್ಷಗಳ ಮೇಲೆ ಮೈಸೂರು ಸಂಸ್ಥಾನ ಅದನ್ನು ವಹಿಸಿಕೊಂಡಿತು, 1955ರಲ್ಲಿ ನಿಲಯ ಬೆಂಗಳೂರಿಗೆ ಬಂತು.

ಅದು ರೆಕಾರ್ಡಿಂಗ್ ಅಲ್ಲವಲ್ಲ, ಪ್ರಸಾರ ಅಲ್ವಾ ಅಂತ ನೀವು ಕೇಳಬಹುದು. ಹೌದು. ಆದರೆ ವಾಸದ ಮನೆಯೊಳಗೆ ಮೈಕಿನ ಮುಂದೆ ಒಬ್ಬರನ್ನು ಕೂರಿಸಿ ಹಾಡಿಸುವಾಗ ಏನೇನು ತಾಪತ್ರಯ ಇರುತ್ತೆ ಅಂತ ಈಗ ನನಗೆ ಗೊತ್ತು. ಪಕ್ಕದ ರೂಮಿನಲ್ಲಿ ಲೋಟ ಬಿದ್ದರೂ ಅದು ಹಾಡಿನ ಭಾಗವೇ. ಗೋಪಾಲಸ್ವಾಮಿಯವರ ಮನೆಯವರು ಪ್ರಸಾರದ ಹೊತ್ತಿನಲ್ಲಿ ಹೇಗೆ ಓಡಾಡುತ್ತಿದ್ದರೋ ಅಂತ ಆಗಾಗ ಯೋಚಿಸ್ತೀನಿ.

ಇನ್ನು ಕೀಬೋರ್ಡಿನ ಪಾಡು. ಕೈಯಲ್ಲಿ ಮನೆ ಒತ್ತುತ್ತಾ ಹಾಡುವ ಜೋಡಿ, ನನ್ನ ಪ್ರಕಾರ, ಕನ್ನಡದ ಕಿವಿಗೆ ಒಗ್ಗಿದ್ದು ಕಂಪನಿ ನಾಟಕಗಳ ಕಾಲು ಹಾರ್ಮೋನಿಯಂನಿಂದ. ಆರ್. ಪರಮಶಿವನ್ ಅಂಥವರು ಆ ಪೆಟ್ಟಿಗೆಯ ಮುಂದೆ ಕೂತು ಇಡೀ ರಂಗಸಂಗೀತವನ್ನು ನಡೆಸಿದರು. ಅದೇ ವಾದ್ಯವನ್ನು ಆಲ್ ಇಂಡಿಯಾ ರೇಡಿಯೋ 1940ರಲ್ಲಿ ನಿಷೇಧಿಸಿತು, ಅದು ಸಡಿಲವಾಗಿದ್ದು 1971ರಲ್ಲಿ. ಗಮಕ ಬರಲ್ಲ, ಸ್ವರಗಳ ಅಂತರ ಪಾಶ್ಚಾತ್ಯ ಲೆಕ್ಕದ್ದು ಅನ್ನೋದು ಆಕ್ಷೇಪ. ಮೂವತ್ತು ವರ್ಷ ಹೊರಗಿಟ್ಟಿದ್ದು ಅತಿಯಾಯಿತು ಅಂತಲೇ ನನ್ನ ಅಭಿಪ್ರಾಯ. ಆದರೆ ಅಮ್ಮನ ಹಾಡಿಗೆ ಕೀಬೋರ್ಡ್ ಸೇರಿಸಲು ಹೋದ ದಿನ ಆ ಆಕ್ಷೇಪ ಮಾಡಿದವರ ಸಂಕಟ ಅರ್ಥವಾಯಿತು. ಅಮ್ಮನ ಶ್ರುತಿ ಮೊದಲು ನಾಲ್ಕೂವರೆ ಮನೆ. ಈಗ ಇಳಿದಿದೆ, ಆದರೆ ನಾಲ್ಕಕ್ಕೆ ಪೂರ್ತಿ ಬಂದಿಲ್ಲ. ಎರಡರ ನಡುವೆ ಎಲ್ಲೋ ನಿಂತಿದ್ದಾರೆ. ಅಲ್ಲಿ ಒತ್ತೋಕೆ ನನ್ನ ಕೀಬೋರ್ಡಿನಲ್ಲಿ ಮನೆಯೇ ಇಲ್ಲ. ಕೊನೆಗೆ ನಾಲ್ಕೂವರೆಯನ್ನೇ ಇಟ್ಟುಕೊಂಡು, ಇಡೀ ವಾದ್ಯದ ಟ್ಯೂನಿಂಗನ್ನು 440ರಿಂದ 434ಕ್ಕೆ ಇಳಿಸಿದ ಮೇಲೆ ಇಬ್ಬರೂ ಭೇಟಿಯಾದೆವು. ಪೆಟ್ಟಿಗೆ ಹಾರ್ಮೋನಿಯಂ ಆಗಿದ್ದರೆ ಅಮ್ಮನೇ ಅದಕ್ಕೆ ಬಗ್ಗಬೇಕಿತ್ತು.

ಸಿನಿಮಾದವರದು ಇನ್ನೊಂದು ದಾರಿ. ಯಶವಂತಪುರ ದಾಟಿದರೆ ಗೊರಗುಂಟೆಪಾಳ್ಯದ ಹತ್ತಿರ ಕಂಠೀರವ ಸ್ಟುಡಿಯೋ ಇದೆ, 1966ರಷ್ಟು ಹಳೆಯ ಸರ್ಕಾರಿ ಸಂಸ್ಥೆ. ಅದು ಬಂದ ಮೇಲೂ ಕನ್ನಡ ಹಾಡುಗಳು ಹೆಚ್ಚಾಗಿ ಧ್ವನಿಮುದ್ರಣವಾಗುತ್ತಿದ್ದದ್ದು ಮದರಾಸಿನಲ್ಲೇ. ವಾದ್ಯದವರು, ಹಾಡುವವರು, ಎಂಜಿನಿಯರುಗಳು ಎಲ್ಲ ಅಲ್ಲಿದ್ದರು. ಎಂಬತ್ತರ ದಶಕದಲ್ಲಿ ಶಂಕರ್ ನಾಗ್ ಬೆಂಗಳೂರಿನಲ್ಲಿ ಸಂಕೇತ್ ರೆಕಾರ್ಡಿಂಗ್ ಸ್ಟುಡಿಯೋ ಕಟ್ಟಿದ್ದು ಈ ಓಡಾಟ ತಪ್ಪಲಿ ಅಂತ. ಅಷ್ಟರೊಳಗೆ ಸಿನಿಮಾದ ಹೊರಗೂ ದಾರಿ ತೆರೆದಿತ್ತು. 1978ರ 'ನಿತ್ಯೋತ್ಸವ' ಧ್ವನಿಸುರುಳಿ ಭಾವಗೀತೆಗಳನ್ನು ಮನೆಮನೆಗೆ ತಲುಪಿಸಿತು.

ಹೊರದೇಶದಲ್ಲಿ ಆಗಲೇ ಕ್ಯಾಸೆಟ್ಟು ಬರೀ ಕೇಳುವ ವಸ್ತುವಾಗಿ ಉಳಿದಿರಲಿಲ್ಲ. 1979ರಲ್ಲಿ ಟಾಸ್ಕಾಮ್ ಕಂಪನಿ ಸಾಮಾನ್ಯ ಕ್ಯಾಸೆಟ್ಟಿನಲ್ಲೇ ನಾಲ್ಕು ಟ್ರ್ಯಾಕ್ ಹಿಡಿಯುವ ಪೋರ್ಟಾಸ್ಟುಡಿಯೋ ತಂದಿತು. ಬ್ರೂಸ್ ಸ್ಪ್ರಿಂಗ್‌ಸ್ಟೀನ್ ತನ್ನ ಮನೆಯಲ್ಲಿ ಅದರ ಮೇಲೆ ಮಾಡಿಕೊಂಡ ಕರಡು ಹಾಡುಗಳೇ 1982ರಲ್ಲಿ 'ನೆಬ್ರಾಸ್ಕ' ಆಲ್ಬಂ ಆಗಿ ಹೊರಬಂದವು. 1983ರಲ್ಲಿ ಮಿಡಿ ಬಂತು. (ನಮ್ಮಲ್ಲಿ ಮಿಡಿ ಅಂದರೆ ಉಪ್ಪಿನಕಾಯಿ ಮಾವು. ಇದು ಬೇರೆ.) ಬೇರೆ ಬೇರೆ ಕಂಪನಿಯ ಕೀಬೋರ್ಡುಗಳು ಪರಸ್ಪರ ಮಾತಾಡುವ ಭಾಷೆ ಇದು. ತಂತಿಯಲ್ಲಿ ಹೋಗೋದು ನಾದ ಅಲ್ಲ, ಯಾವ ಮನೆ ಒತ್ತಿದೆ, ಎಷ್ಟು ಜೋರಾಗಿ ಒತ್ತಿದೆ, ಯಾವಾಗ ಬಿಟ್ಟೆ ಅನ್ನೋ ಅಂಕಿ ಮಾತ್ರ. ಹಾಗಾಗಿ ನಾನು ತಪ್ಪು ಮನೆ ಒತ್ತಿದರೆ ಆಮೇಲೆ ಮೌಸಿನಲ್ಲಿ ಎಳೆದು ಸರಿ ಮಾಡಬಹುದು. ಇದರ ಕೃಪೆಯಿಂದಲೇ ತೊಂಬತ್ತರ ದಶಕದ ಎಷ್ಟೋ ಭಕ್ತಿಗೀತೆ ಕ್ಯಾಸೆಟ್ಟುಗಳಲ್ಲಿ ಒಂದೇ ಕೀಬೋರ್ಡು ಕೊಳಲೂ ಆಯಿತು, ವೀಣೆಯೂ ಆಯಿತು, ತಬಲಾನೂ ಆಯಿತು. ಆ ಕೊಳಲು ಇವತ್ತಿಗೂ ನನ್ನ ಕಿವಿಗೆ ಚುಚ್ಚುತ್ತೆ.

ಅಮ್ಮನ ದನಿಗೆ ಇಂಥ ಮೌಸಿನ ಉಪಾಯ ನಡೆಯಲ್ಲ. ಮೊದಲು ಅವರನ್ನು ಗಂಟೆ ಲೆಕ್ಕದ ಒಂದು ಸ್ಟುಡಿಯೋಗೇ ಕರೆದುಕೊಂಡು ಹೋಗಿದ್ದೆ. ಒಳ್ಳೇ ಜಾಗ, ಒಳ್ಳೇ ಹುಡುಗರು. ಎಸಿ ತಣ್ಣಗೆ, ಗಾಜಿನಾಚೆ ಮೂರು ಜನ, ಗೋಡೆ ಮೇಲೆ ಗಡಿಯಾರ. ಮೂರು ಗಂಟೆಯ ದುಡ್ಡು ಕೊಟ್ಟು ಎರಡು ಹಾಡು ತಂದೆವು, ಎರಡರಲ್ಲೂ ಅಮ್ಮ ಇರಲಿಲ್ಲ. ವಾಪಸ್ ಬರುವಾಗ ಹೆಬ್ಬಾಳ ಫ್ಲೈಓವರ್ ಮೇಲೆ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡಾಗ ತಮ್ಮಷ್ಟಕ್ಕೆ ಗುನುಗಿದರು ನೋಡಿ, ಅದು ಹಾಡು.

ಆಮೇಲೆ ಮನೆಯಲ್ಲೇ ಹೂಡಿದೆ. ಸೆಕೆಂಡ್ ಹ್ಯಾಂಡ್ ಇಂಟರ್‌ಫೇಸು, ಒಂದು ಕಂಡೆನ್ಸರ್ ಮೈಕು, ಕಿವಿ ಪೂರ್ತಿ ಮುಚ್ಚುವ ಹೆಡ್‌ಫೋನು, ಸ್ಟ್ಯಾಂಡು, ಎಸ್.ಪಿ. ರೋಡಿನಿಂದ ತಂದ ಕೇಬಲ್ಲು. 61 ಮನೆಯ ಕೀಬೋರ್ಡ್ ಮೊದಲೇ ಇತ್ತು. ಎಲ್ಲ ಸೇರಿ ಇಪ್ಪತ್ತೆರಡು ಸಾವಿರ. 'ಪ' 'ಬ' ಅಂದಾಗ ಮೈಕಿಗೆ ಬಡಿಯುವ ಉಸಿರು ತಡೆಯೋಕೆ ಕಸೂತಿ ರಿಂಗಿಗೆ ತೆಳು ನೈಲಾನ್ ಕಾಲುಚೀಲ ಎಳೆದು ಕಟ್ಟಿದೆ. ಗೋಡೆಗೆ ಮೊಟ್ಟೆ ಟ್ರೇ ಅಂಟಿಸು ಅಂತ ಹೇಳಿದವರು ಬಹಳ ಜನ. ದಯವಿಟ್ಟು ಬೇಡ, ದೂಳು ಕೂರುತ್ತೆ ಅಷ್ಟೇ. ಅಮ್ಮನ ಹಿಂದೆ ಎರಡು ದಪ್ಪ ಕಂಬಳಿ ನೇತುಹಾಕಿ, ನೆಲಕ್ಕೆ ಜಮಖಾನ ಹಾಸಿದ್ದೇ ಹೆಚ್ಚು ಕೆಲಸ ಮಾಡಿತು.

ಮೊದಲ ದಿನ ಅಮ್ಮ ಹೆಡ್‌ಫೋನ್ ಕಿತ್ತಿಟ್ಟರು. "ಯಾರೋ ನನ್ನ ಹಿಂದ್ಗಡೆ ನಿಂತು ನನ್ನ ಥರಾನೇ ಹಾಡ್ತಿದಾರೆ ಕಣೋ." ದನಿ ಕಂಪ್ಯೂಟರಿಗೆ ಹೋಗಿ ತಿರುಗಿ ಬರುವಷ್ಟರಲ್ಲಿ ಆಗುವ ತಡ ಅದು. ಸೆಕೆಂಡಿನ ನೂರನೇ ಒಂದು ಭಾಗ ತಡವಾದರೆ ಮೂರೂವರೆ ಮೀಟರ್ ದೂರದಿಂದ ಕೇಳಿದ ಹಾಗೆ. ಇಂಟರ್‌ಫೇಸಿನಲ್ಲೇ ನೇರವಾಗಿ ಕೇಳಿಸುವ ಗುಂಡಿ ಒತ್ತಿದ ಮೇಲೆ ಆ ಹಿಂದ್ಗಡೆಯವರು ಹೋದರು. ಈಗ ಅವರ ಕಿವಿಗೆ ತಂಬೂರಿ ಮಾತ್ರ. ತಾಳದ ಟಿಕ್ ಟಿಕ್ ಹಾಕಲ್ಲ. ಅವರು ಹೇಗೆ ಹಾಡ್ತಾರೋ ಹಾಗೆ ಮುಗಿಸಿದ ಮೇಲೆ ರಾತ್ರಿ ನಾನು ಕೆಳಗೆ ಮೆಲ್ಲಗೆ ಕೀಬೋರ್ಡ್ ಸೇರಿಸ್ತೀನಿ. ಕೆಲವು ಹಾಡಿಗೆ ಸೇರಿಸಿ, ಕೇಳಿ, ಅಳಿಸಿದ್ದೂ ಇದೆ.

ಮೌನವನ್ನು ಮಾತ್ರ ಎಸ್.ಪಿ. ರೋಡಿನಲ್ಲಿ ಮಾರಲ್ಲ. ಇದು ವಾಯುಪಡೆಯ ನೆಲೆ ಇರೋ ಊರು. 1996ರಿಂದ ಎರಡು ವರ್ಷಕ್ಕೊಮ್ಮೆ ಏರ್ ಶೋ ಬೇರೆ. ಅದು ಹತ್ತಿರವಾದ ಹಾಗೆ ಅಭ್ಯಾಸದ ಹಾರಾಟ ಶುರುವಾಗುತ್ತೆ, ಆಮೇಲೆ ಹಗಲಲ್ಲಿ ಮೈಕ್ ಆನ್ ಮಾಡೋ ಹಾಗೇ ಇಲ್ಲ. ಅಮ್ಮನಿಗೆ ಇದು ನನಗಿಂತ ಚೆನ್ನಾಗಿ ಅಭ್ಯಾಸವಾಗಿದೆ. ಚರಣದ ನಡುವೆ ದೂರದಲ್ಲಿ ಗುಡುಗಿದರೆ ಬೆರಳೆತ್ತಿ ನಿಲ್ತಾರೆ, ಅದು ದೊಡ್ಡಬಳ್ಳಾಪುರದ ಕಡೆ ಕರಗಿ ಹೋಗೋವರೆಗೆ ಕಣ್ಮುಚ್ಚಿ ಕೂತಿರ್ತಾರೆ, ನಿಂತ ಅಕ್ಷರದಿಂದಲೇ ಮುಂದುವರಿಸ್ತಾರೆ.

ಇಪ್ಪತ್ತಮೂರು ಹಾಡು ಆಗಿವೆ, ಮೂರು ಕಡೆ ಕಾಪಿ ಇಟ್ಟಿದ್ದೀನಿ. ನೋಟ್‌ಬುಕ್ಕಿನಲ್ಲಿ ಇನ್ನೂ ಹನ್ನೊಂದು ಬಾಕಿ. ಅದರಲ್ಲೊಂದು ಹಸೆ ಹಾಡಿನ ಮೂರನೇ ನುಡಿ ಎರಡು ವಾರದಿಂದ ಅಮ್ಮನಿಗೆ ನೆನಪಾಗ್ತಿಲ್ಲ. ನಿನ್ನೆ ಸಂಜೆ ತುಮಕೂರಿನ ದೊಡ್ಡಮ್ಮನಿಗೆ ಫೋನ್ ಮಾಡಿ ಸ್ಪೀಕರಿಗೆ ಹಾಕಿದರು. ದೊಡ್ಡಮ್ಮ ಆ ಕಡೆಯಿಂದ ಎರಡು ಸಾಲು ಹೇಳಿ ತಡವರಿಸಿದರು. ನಾನು ಸುಮ್ಮನೆ ಎದ್ದು ಹೋಗಿ ಮೈಕನ್ನು ಫೋನಿನ ಹತ್ತಿರ ಸರಿಸಿ, ಕೆಂಪು ಗುಂಡಿ ಒತ್ತಿದೆ.