ಮನಶ್ಶಾಸ್ತ್ರ ಮತ್ತು ಕ್ರೈಸ್ತ ದೈವಶಾಸ್ತ್ರ: ಕರ್ನಾಟಕದ ಕಾಲೇಜುಗಳಲ್ಲಿ ಒಂದು ಶತಮಾನ, ರಾಯಚೂರು ಸೀಮೆಯಿಂದ ಒಂದು ನೋಟ

ಬೆಂಗಳೂರಿನಲ್ಲಿ ಯುನೈಟೆಡ್ ಥಿಯೋಲಾಜಿಕಲ್ ಕಾಲೇಜು ಆರಂಭವಾದದ್ದು 1910ರಲ್ಲಿ. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಮನಶ್ಶಾಸ್ತ್ರ ವಿಭಾಗ ತೆರೆದದ್ದು 1924ರಲ್ಲಿ. ಮನುಷ್ಯನ ಒಳಗನ್ನು ಕುರಿತ ಈ ಎರಡು ಶಾಸ್ತ್ರಗಳು ಒಂದೇ ಸಂಸ್ಥಾನದಲ್ಲಿ, ಹೆಚ್ಚುಕಡಿಮೆ ಒಂದೇ ಕಾಲದಲ್ಲಿ ಬೆಳೆದರೂ ಪಠ್ಯಕ್ರಮದಲ್ಲಿ ಎದುರುಬದುರಾಗಲು ದಶಕಗಳೇ ಬೇಕಾದವು. ಅವುಗಳನ್ನು ಕೂಡಿಸಿದ್ದು ತಾತ್ತ್ವಿಕ ಚರ್ಚೆಗಿಂತ ಹೆಚ್ಚಾಗಿ ಸಂಕಟದಲ್ಲಿದ್ದವರ ಆರೈಕೆ ಎಂಬುದು ಈ ಲೇಖನದ ಮೊದಲ ವಾದ. ಆ ಕೂಡುವಿಕೆ ಬಹುಮಟ್ಟಿಗೆ ಮಹಾನಗರಗಳಲ್ಲಿ, ಇಂಗ್ಲಿಷಿನಲ್ಲಿ ನಡೆದದ್ದರಿಂದ ರಾಯಚೂರು, ದೇವದುರ್ಗ, ಮಾನ್ವಿಗಳಂಥ ಊರುಗಳಿಗೆ ಅದು ಅಧ್ಯಯನದ ವಿಷಯವಾಗಿ ತಲುಪಲಿಲ್ಲ ಎಂಬುದು ಎರಡನೆಯದು.

ಎರಡು ವಿಭಾಗ, ಎರಡು ದಾರಿ

ಮೈಸೂರಿನ ವಿಭಾಗವನ್ನು ಕಟ್ಟಿದವರು ಎಂ.ವಿ. ಗೋಪಾಲಸ್ವಾಮಿ. 1935ರಲ್ಲಿ ತಮ್ಮ ಮನೆಯಿಂದಲೇ ರೇಡಿಯೋ ಪ್ರಸಾರ ಆರಂಭಿಸಿ ಹೆಸರಾದ ಪ್ರಾಧ್ಯಾಪಕರೂ ಇವರೇ. ಲಂಡನ್ನಿನಲ್ಲಿ ಚಾರ್ಲ್ಸ್ ಸ್ಪಿಯರ್‌ಮನ್ನರ ಬಳಿ ತರಬೇತಾದ ಅವರು ಪ್ರಯೋಗಾಲಯದ ಮನಶ್ಶಾಸ್ತ್ರವನ್ನು ತಂದರು. ಆಗ ವಿಶ್ವವಿದ್ಯಾನಿಲಯದ ಕುಲಪತಿಯಾಗಿದ್ದ ಬ್ರಜೇಂದ್ರನಾಥ ಶೀಲ್ ಸ್ವತಃ ತತ್ತ್ವಶಾಸ್ತ್ರಜ್ಞರು. ಆದರೂ ಹೊಸ ಶಾಸ್ತ್ರದ ಹೆಮ್ಮೆ ಅಳತೆಯಲ್ಲಿತ್ತು, ಆತ್ಮದ ಚರ್ಚೆಯಲ್ಲಿ ಅಲ್ಲ.

ದೈವಶಾಸ್ತ್ರದ ಶಿಕ್ಷಣಕ್ಕೆ ಇದಕ್ಕಿಂತ ಹಳೆಯ ಚರಿತ್ರೆಯಿದೆ. ಮಂಗಳೂರಿನ ಬಲ್ಮಠದಲ್ಲಿ ಬಾಸೆಲ್ ಮಿಷನ್ನಿನ ಸೆಮಿನರಿ 19ನೇ ಶತಮಾನದ ನಡುವಿನಿಂದಲೇ ಇತ್ತು. ಅದರ ಪರಂಪರೆಯಲ್ಲೇ 1965ರಲ್ಲಿ ಕರ್ನಾಟಕ ಥಿಯೋಲಾಜಿಕಲ್ ಕಾಲೇಜು ರೂಪುಗೊಂಡಿತು. ಕ್ಯಾಥೊಲಿಕರಿಗೆ ಜೆಪ್ಪುವಿನಲ್ಲಿ 1879ರ ಸಂತ ಜೋಸೆಫರ ಗುರುಮಠವೂ, 1934ರಲ್ಲಿ ಪುದುಚೇರಿಯಿಂದ ಬೆಂಗಳೂರಿಗೆ ಬಂದ ಸಂತ ಪೇತ್ರರ ಗುರುಮಠವೂ ಇದ್ದವು. ಅಲ್ಲೆಲ್ಲ ಮನಸ್ಸಿನ ವಿಚಾರ ಬರುತ್ತಿದ್ದದ್ದು ಪಾಪ, ಪಶ್ಚಾತ್ತಾಪ, ಕೃಪೆಗಳ ಪಾಠದೊಳಗೆ. ಒಂದು ಕಡೆ ಅಳತೆ, ಇನ್ನೊಂದು ಕಡೆ ಉದ್ಧಾರ. ನಡುವೆ ಮಾತುಕತೆಗೆ ಎಡೆಯೇ ಇರಲಿಲ್ಲ.

ಹೊರಗಿನ ವಾಗ್ವಾದ

ಪಶ್ಚಿಮದಲ್ಲಿ ಈ ಮಾತುಕತೆ ಮೊದಲೇ ಶುರುವಾಗಿತ್ತು. ವಿಲಿಯಂ ಜೇಮ್ಸ್ ಎಡಿನ್‌ಬರೋದಲ್ಲಿ ಕೊಟ್ಟ ಉಪನ್ಯಾಸಗಳು 1902ರಲ್ಲಿ ಪುಸ್ತಕವಾಗಿ, ಧಾರ್ಮಿಕ ಅನುಭವವನ್ನು ಮನಶ್ಶಾಸ್ತ್ರದ ವಸ್ತುವನ್ನಾಗಿಸಿದವು. ಧರ್ಮವೆಂಬುದು ಭ್ರಮೆ ಎಂದು ಫ್ರಾಯ್ಡ್ 1927ರಲ್ಲಿ ವಾದಿಸಿದಾಗ, ಅದಕ್ಕೆ ಮರುವರ್ಷವೇ ಉತ್ತರ ಬರೆದವರು ಅವರ ಗೆಳೆಯರೂ ಸ್ವಿಸ್ ಸಭಾಪಾಲಕರೂ ಆದ ಆಸ್ಕರ್ ಫಿಸ್ಟರ್. ಫಿಸ್ಟರ್ ಸ್ವತಃ ಮನೋವಿಶ್ಲೇಷಕರಾಗಿದ್ದರಿಂದ ಆ ಉತ್ತರಕ್ಕೆ ತೂಕವಿತ್ತು. ಅಮೆರಿಕದಲ್ಲಿ ಆಂಟನ್ ಬಾಯ್ಸನ್ ತಾವೇ ಮಾನಸಿಕ ಕಾಯಿಲೆಯಿಂದ ಆಸ್ಪತ್ರೆ ಸೇರಿ ಬಂದವರು. 1925ರಲ್ಲಿ ವೂಸ್ಟರ್‌ನ ಮನೋರೋಗಿಗಳ ಆಸ್ಪತ್ರೆಗೆ ದೈವಶಾಸ್ತ್ರದ ವಿದ್ಯಾರ್ಥಿಗಳನ್ನು ಕರೆತಂದರು. ಗ್ರಂಥಗಳನ್ನು ಓದುವಷ್ಟೇ ಶ್ರದ್ಧೆಯಿಂದ ರೋಗಿಯ ಬದುಕನ್ನೂ ಓದಬೇಕು ಎಂಬುದು ಅವರ ನಿಲುವು.

ಕ್ಯಾಥೊಲಿಕ್ ಗುರುಮಠಗಳ ಬಾಗಿಲು ತೆರೆದದ್ದು ಎರಡನೇ ವ್ಯಾಟಿಕನ್ ಮಹಾಸಭೆ. ಸಭಾಪಾಲನೆಯಲ್ಲಿ ದೈವಶಾಸ್ತ್ರದ ಜೊತೆಗೆ ಮನಶ್ಶಾಸ್ತ್ರ ಮತ್ತು ಸಮಾಜಶಾಸ್ತ್ರಗಳ ಶೋಧನೆಗಳನ್ನೂ ಬಳಸಿಕೊಳ್ಳಬೇಕೆಂದು 1965ರ ದಸ್ತಾವೇಜು ಸ್ಪಷ್ಟವಾಗಿ ಹೇಳಿತು. ಅಲ್ಲಿಂದ ಮುಂದೆ ಮನಶ್ಶಾಸ್ತ್ರ ಓದುವುದು ಗುರುವಿಗೆ ಹೆಚ್ಚುವರಿ ಹವ್ಯಾಸವಲ್ಲ, ಕರ್ತವ್ಯದ ಭಾಗ.

ಆಪ್ತಸಮಾಲೋಚನೆ ಎಂಬ ಕೂಡುದಾರಿ

ಭಾರತದಲ್ಲಿ ಈ ಮಾತುಕತೆಯ ಫಲ 1970ರ ದಶಕದಲ್ಲಿ ಕಾಣಿಸಿತು. ವೆಲ್ಲೂರಿನ ಕ್ರಿಶ್ಚಿಯನ್ ಕೌನ್ಸೆಲಿಂಗ್ ಸೆಂಟರ್ ಸಭಾಪಾಲಕರಿಗೂ ಶಿಕ್ಷಕರಿಗೂ ತರಬೇತಿ ಕೊಟ್ಟಿತು, ಅಲ್ಲಿನ ಬಿ.ಜೆ. ಪ್ರಶಾಂತಮ್ ಭಾರತೀಯ ಪ್ರಕರಣಗಳನ್ನೇ ಆಧರಿಸಿ ಪಠ್ಯ ಬರೆದರು. ಯೇಸುಸಭೆಯ ಆಂಟನಿ ಡಿ ಮೆಲ್ಲೊ 1972ರಲ್ಲಿ ಪುಣೆಯಲ್ಲಿ ಸಾಧನಾ ಸಂಸ್ಥೆಯನ್ನು ಆರಂಭಿಸಿ, ಚಿಕಿತ್ಸಕ ಮನಶ್ಶಾಸ್ತ್ರವನ್ನು ಪೂರ್ವದೇಶಗಳ ಧ್ಯಾನಪದ್ಧತಿಗಳೊಂದಿಗೆ ಬೆರೆಸಿದರು. ಸೆರಾಂಪುರ ಸೆನೆಟ್ಟಿನ ದೈವಶಾಸ್ತ್ರ ಪದವಿಗಳಲ್ಲಿ ಸಭಾಪಾಲನೆ ಮತ್ತು ಆಪ್ತಸಮಾಲೋಚನೆ ಪ್ರತ್ಯೇಕ ಶಾಖೆಯಾಯಿತು. ಬೆಂಗಳೂರಿನಲ್ಲಿ 1969ರಲ್ಲಿ ಆರಂಭವಾದ ಕ್ರೈಸ್ಟ್ ಕಾಲೇಜು ಮುಂದೆ ವಿಶ್ವವಿದ್ಯಾಲಯವಾಗಿ ಮನಶ್ಶಾಸ್ತ್ರದ ದೊಡ್ಡ ಕೇಂದ್ರವಾಯಿತು; ಮಾಂಟ್‌ಫೋರ್ಟ್ ಕಾಲೇಜು ಆಪ್ತಸಮಾಲೋಚನೆಗೇ ಮೀಸಲಾಯಿತು.

ಸರಕಾರಿ ವಿಶ್ವವಿದ್ಯಾನಿಲಯವೂ ಹಿಂದೆ ಬೀಳಲಿಲ್ಲ. ಮೈಸೂರು ವಿಶ್ವವಿದ್ಯಾನಿಲಯದ ಮಾನಸಗಂಗೋತ್ರಿಯಲ್ಲಿ ಡಿ.ಎಸ್. ಅಮಲೋರ್‌ಪವದಾಸ್ ಅವರ ಮುಂದಾಳುತನದಲ್ಲಿ ಕ್ರೈಸ್ತಧರ್ಮ ಅಧ್ಯಯನ ವಿಭಾಗ ನೆಲೆಗೊಂಡಿತು. ಗೋಪಾಲಸ್ವಾಮಿಯವರ ವಿಶ್ವವಿದ್ಯಾನಿಲಯದಲ್ಲಿ ಈಗ ಎರಡು ಶಾಸ್ತ್ರಗಳೂ ಒಂದೇ ಆವರಣದಲ್ಲಿದ್ದವು. ಎರಡಕ್ಕೂ ಸಮಾನವಾದ ಒಂದು ಪತ್ರಿಕೆ ರೂಪಿಸಲು ಇದಕ್ಕಿಂತ ಅನುಕೂಲವಾದ ಜಾಗ ಕರ್ನಾಟಕದಲ್ಲಿ ಮತ್ತೊಂದಿರಲಿಲ್ಲ.

ಕೂಡುದಾರಿಯಲ್ಲಿ ತೊಡಕುಗಳೂ ಇವೆ. ಕಾಲೇಜಿನ ಅಧ್ಯಯನಕ್ಕೆ ನಿಜವಾದ ವಸ್ತು ಇವೇ. ಪಾಪನಿವೇದನೆಯಲ್ಲಿ ಕೇಳಿದ್ದನ್ನು ಗುರುವು ಯಾವ ಕಾರಣಕ್ಕೂ ಹೊರಗೆಡಹುವಂತಿಲ್ಲ. ಆಪ್ತಸಮಾಲೋಚಕರಾದರೋ ಜೀವಕ್ಕೆ ಅಪಾಯವಿದ್ದಾಗ ಗೌಪ್ಯ ಮುರಿಯಬೇಕಾಗುತ್ತದೆ. ಒಬ್ಬನೇ ವ್ಯಕ್ತಿ ಎರಡೂ ಪಾತ್ರ ವಹಿಸಿದರೆ ಯಾವ ನಿಯಮಕ್ಕೆ ಬದ್ಧ? ಇನ್ನೊಂದು ತೊಡಕು ಇನ್ನೂ ಸೂಕ್ಷ್ಮ. ಯೇಸುಸಭೆಯ ಸ್ಥಾಪಕ ಇಗ್ನೇಷಿಯಸ್ ಲೊಯೋಲರ ಸಾಧನಾಕೈಪಿಡಿಗೆ 1548ರಲ್ಲಿ ಪೋಪರ ಮನ್ನಣೆ ಸಿಕ್ಕಿತು. ಮನಸ್ಸು ಬರಡಾದ ಹೊತ್ತಿನಲ್ಲಿ ಹಿಂದಿನ ನಿರ್ಧಾರಗಳನ್ನು ಬದಲಿಸಬಾರದು ಎನ್ನುತ್ತದೆ ಅದು. ಪ್ರಾರ್ಥನೆಯಲ್ಲಿ ಬರುವ ಈ ಬರಡುತನಕ್ಕೂ ಔಷಧ ಬೇಕಾದ ಖಿನ್ನತೆಗೂ ಇರುವ ಗೆರೆಯನ್ನು ಗುರುತಿಸಲು ಎರಡೂ ಶಾಸ್ತ್ರ ತಿಳಿದಿರಬೇಕು.

ರಾಯಚೂರು, ದೇವದುರ್ಗ, ಮಾನ್ವಿ

ಈ ಜಿಲ್ಲೆಗೆ ಕ್ರೈಸ್ತಧರ್ಮ ಹೊಸದಲ್ಲ. ಮುದಗಲ್ಲಿನ ಕ್ಯಾಥೊಲಿಕ್ ಸಮುದಾಯದ ಬೇರು ಆದಿಲ್‌ಶಾಹಿ ಕಾಲದಲ್ಲಿ ಗೋವೆಯಿಂದ ಬಂದ ಪಾದ್ರಿಗಳವರೆಗೆ ಹೋಗುತ್ತದೆ. ಇಂದು ಇಲ್ಲಿನ ಕ್ಯಾಥೊಲಿಕರು ಬಳ್ಳಾರಿ ಧರ್ಮಕ್ಷೇತ್ರಕ್ಕೆ ಸೇರಿದ್ದಾರೆ. ರಾಯಚೂರು ನಗರದಲ್ಲಿ ಮೆಥೊಡಿಸ್ಟ್ ಸಭೆಯೂ ಇದೆ. ಮಾನ್ವಿಯಲ್ಲಿ ಯೇಸುಸಭೆ ಲೊಯೋಲ ಹೆಸರಿನ ಶಿಕ್ಷಣ ಸಂಸ್ಥೆಗಳನ್ನು ನಡೆಸುತ್ತಿದೆ.

ಆದರೆ ಮೈಸೂರಿನ 1924ರ ಆರಂಭ ಈ ನೆಲಕ್ಕೆ ಮುಟ್ಟಲಿಲ್ಲ. 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿದ್ದ ರಾಯಚೂರಿಗೆ ವಿಶ್ವವಿದ್ಯಾಲಯವೆಂದರೆ ಹೈದರಾಬಾದಿನ ಉಸ್ಮಾನಿಯಾ. ಅಲ್ಲಿ ಬೋಧನೆ ಉರ್ದುವಿನಲ್ಲಿ. ಏಕೀಕರಣವಾದದ್ದು 1956ರಲ್ಲಿ, ಗುಲಬರ್ಗಾ ವಿಶ್ವವಿದ್ಯಾಲಯ ಬಂದದ್ದು 1980ರಲ್ಲಿ, ರಾಯಚೂರಿಗೇ ಸಾಮಾನ್ಯ ವಿಷಯಗಳ ವಿಶ್ವವಿದ್ಯಾಲಯ ಸಿಕ್ಕಿದ್ದು 2021ರಲ್ಲಿ. ಈ ತಡದ ಬೆಲೆಯನ್ನು ತೆತ್ತವರಲ್ಲಿ ಮನಶ್ಶಾಸ್ತ್ರದ ವಿದ್ಯಾರ್ಥಿಯೂ ಒಬ್ಬ.

ಅಗತ್ಯಕ್ಕೇನೂ ಕೊರತೆಯಿಲ್ಲ. ದೇವದುರ್ಗದ ಹಳ್ಳಿಗಳಿಂದ ಕುಟುಂಬಗಳು ಗುಳೆ ಹೋದಾಗ ಮನೆಯಲ್ಲಿ ಉಳಿಯುವವರು ಮುದುಕರು, ಮಕ್ಕಳು. ಮನಸ್ಸು ಕೆಟ್ಟವರನ್ನು ಗಾಳಿ ಸೋಕಿದೆಯೆಂದು ದರ್ಗಾಕ್ಕೂ ಮಠಕ್ಕೂ ಕರೆದೊಯ್ಯುವುದು ಈ ಸೀಮೆಯ ರೂಢಿ. ಚರ್ಚಿನ ಪ್ರಾರ್ಥನಾಕೂಟಕ್ಕೂ ಜನ ಬರುತ್ತಾರೆ. ನೆರೆಯ ಬಳ್ಳಾರಿಯಲ್ಲಿ ನಿಮ್ಹಾನ್ಸ್ 1980ರ ದಶಕದಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ಕಾರ್ಯಕರ್ತರಿಗೂ ಮನೋರೋಗ ಗುರುತಿಸುವುದನ್ನು ಕಲಿಸಿತು. ಆ ಮಾದರಿಯೇ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಬುನಾದಿಯಾಯಿತು. ವೈದ್ಯರಿಗೆ ಕೊಟ್ಟ ಈ ತಿಳಿವಳಿಕೆ, ಜನ ಮೊದಲು ಎಡತಾಕುವ ಧರ್ಮಗುರುಗಳಿಗೂ ಅಷ್ಟೇ ಬೇಕು.

ಉಪಸಂಹಾರ

ಕನ್ನಡದಲ್ಲಿ ಈ ವಿಷಯ ಬರೆಯಲಾಗದು ಎನ್ನುವ ನೆಪ ಈಗ ಉಳಿದಿಲ್ಲ. ವೈದ್ಯ ಎಂ. ಶಿವರಾಂ ಅವರ ‘ಮನಮಂಥನ’ಕ್ಕೆ 1976ರಲ್ಲೇ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು, ನಿಮ್ಹಾನ್ಸಿನಲ್ಲಿದ್ದ ಸಿ.ಆರ್. ಚಂದ್ರಶೇಖರ್ ಮನೋರೋಗಗಳನ್ನು ಸಾಮಾನ್ಯ ಓದುಗರಿಗೆ ಅರ್ಥವಾಗುವಂತೆ ಬರೆದಿದ್ದಾರೆ. ಬಲ್ಮಠದ ದೈವಶಾಸ್ತ್ರ ಶಿಕ್ಷಣಕ್ಕೆ ಕನ್ನಡದ ನಂಟು ಮೊದಲಿನಿಂದಲೂ ಇದೆ. ಈ ಮೂರನ್ನೂ ಒಂದೆಡೆ ತರುವ ಕೆಲಸವಷ್ಟೇ ಬಾಕಿ.

ರಾಯಚೂರಿನ ವಿಶ್ವವಿದ್ಯಾಲಯ ಪದವಿ ಹಂತದಲ್ಲಿ ‘ಮನಸ್ಸು ಮತ್ತು ಧರ್ಮ’ ಎಂಬ ಒಂದು ಐಚ್ಛಿಕ ಪತ್ರಿಕೆಯನ್ನು ಕನ್ನಡದಲ್ಲಿ ಆರಂಭಿಸಬೇಕು. ಕ್ರೈಸ್ತ ದೈವಶಾಸ್ತ್ರ ಅದರ ಒಂದು ಘಟಕವಾಗಲಿ. ಮಾನ್ವಿಯ ಜಗನ್ನಾಥದಾಸರ ಭಕ್ತಿಮಾರ್ಗಕ್ಕೂ, ಶರಣರ ವಚನಗಳಿಗೂ, ಸೂಫಿ ಪರಂಪರೆಗೂ ಅಲ್ಲಿ ಸಮಾನ ಸ್ಥಾನವಿರಲಿ. ಎರಡು ಷರತ್ತುಗಳು ಕಡ್ಡಾಯ: ತರಗತಿ ಮತಬೋಧನೆಯ ವೇದಿಕೆಯಾಗಕೂಡದು, ರೋಗಿಯನ್ನು ವೈದ್ಯರ ಬಳಿ ಕಳಿಸಬೇಕಾದ ಗಳಿಗೆ ಯಾವುದೆಂಬುದನ್ನು ಮೊದಲ ಪಾಠವಾಗಿ ಕಲಿಸಬೇಕು.